ಆ ಎಂಜಲು ನಮ್ಮದೇ

ಸಂಜೆ ಏಳರ ಹೊತ್ತಿಗೆ ವಾಶಿಯ ನಮ್ಮ ಕಟ್ಟಡ ಖಾಲಿಯಾಗುತ್ತದೆ. ಏಳು ಮಹಡಿ, ಎಪ್ಪತ್ತರ ಹತ್ತಿರ ಆಫೀಸುಗಳು. ಸಿಎ, ವಕೀಲರು, ಕ್ಲಿಯರಿಂಗ್ ಏಜೆಂಟರು, ಇನ್ಶೂರೆನ್ಸಿನವರು, ಮೇಲೊಂದು ಕೋಚಿಂಗ್ ಕ್ಲಾಸು. ಎಲ್ಲರೂ ಲೋಕಲ್ ಹಿಡಿಯಲು ಓಡಿದ ಮೇಲೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಬ್ಬ ಹೆಣ್ಣುಮಗಳು ನೀಲಿ ಡ್ರಮ್ಮನ್ನು ಬೋರಲು ಹಾಕಿಕೊಂಡು ಕೂರುತ್ತಾಳೆ. ನಾವೆಲ್ಲ ದಿನವಿಡೀ ಒಟ್ಟಿದ್ದನ್ನು ಬರಿಗೈಯಲ್ಲಿ ಬೇರೆ ಮಾಡುತ್ತಾಳೆ. ಅರ್ಧ ಕುಡಿದು ಬಿಟ್ಟ ಚಹಾ ರಟ್ಟಿನ ಮೇಲೆಲ್ಲ ಹರಿದಿರುತ್ತದೆ. ರಟ್ಟಿನಡಿ ಯಾರೋ ತಿಂದುಳಿಸಿದ ಬಿರಿಯಾನಿ, ಅದರಲ್ಲಿ ನೆನೆದ ಝೆರಾಕ್ಸ್ ಕಾಗದದ ಕಂತೆ, ಕಂತೆಯ ಮೂಲೆಗೆ ಸ್ಟೇಪ್ಲರ್ ಪಿನ್ನು, ಪಿನ್ನಿಗೆ ಸಿಕ್ಕಿಕೊಂಡ ನಿನ್ನೆಯ ಪೂಜೆಯ ಚೆಂಡುಹೂವಿನ ಮಾಲೆ.

ಒಂದು ದಿನ ನಾನು ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತ ಇಳಿಯುತ್ತಿದ್ದೆ. ಆಕೆ ತಲೆಯೆತ್ತಿ, "ಅಣ್ಣಾರ, ನೀವು ನಮ್ಮ ಕಡಿಯವ್ರೇನ್ರಿ?" ಅಂದಳು. ಕಲಬುರಗಿ ಜಿಲ್ಲೆ, ಅಫಜಲಪುರ ತಾಲೂಕು. ಹನ್ನೊಂದು ವರ್ಷದಿಂದ ಇದೇ ಕಟ್ಟಡದಲ್ಲಿ ಕಸ ಬಳಿಯುತ್ತಿದ್ದಾಳೆ. ಹನ್ನೊಂದು ವರ್ಷವೂ ನಾನು ಅದೇ ಮೆಟ್ಟಿಲು ಇಳಿದಿದ್ದೇನೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಯಾರೋ ಒಡೆದ ಟ್ಯೂಬ್‌ಲೈಟನ್ನು ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿದ್ದರಂತೆ. ನಮ್ಮ ಆಫೀಸಿನಲ್ಲಿ ಟ್ಯೂಬ್ ಬದಲಾಯಿಸಿದ್ದು ಆ ವಾರವೇ. ಅದು ನಮ್ಮದಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

"ಈ ಚಾದ ಕಪ್ಪು ಯಾಕ ಇಷ್ಟು ಒಗೀತಾರ್ರಿ? ಗುಜರಿ ಭಂಗಾರದವ ಒಯ್ಯಂಗಿಲ್ಲ. ಚಾ ಬಿದ್ದ ಕಾಗದಾನೂ ಒಯ್ಯಂಗಿಲ್ಲ," ಅಂದಳು. ದೂರುವ ದನಿಯಿರಲಿಲ್ಲ. ತಿಳಿಯದ್ದನ್ನು ಕೇಳುವವರ ಹಾಗೆ ಕೇಳಿದಳು.

ಕನ್ನಡದಲ್ಲಿ ಎಂಜಲು ಎಂಬ ಮಾತಿದೆ. ಉಂಡ ತಟ್ಟೆಯನ್ನು ಹಿರಿಯರಿಂದ ಎತ್ತಿಸಬೇಡ ಎಂದು ಮಕ್ಕಳಿಗೆ ಗದರಿ ಹೇಳಿಕೊಡುವ ಮನೆಗಳಿಂದ ಬಂದವರು ನಾವು. ಅದೇ ನಾವು ತುಟಿ ತಾಗಿಸಿದ ಕಪ್ಪನ್ನು, ಕೈ ಹಾಕಿ ಉಂಡ ಡಬ್ಬಿಯನ್ನು ದಿನಾ ಒಬ್ಬಳ ಮಡಿಲಿಗೆ ಸುರಿದು ಲಿಫ್ಟಿನ ಗುಂಡಿ ಒತ್ತುತ್ತೇವೆ. ಎಂಜಲೆತ್ತುವ ಕೆಲಸವನ್ನು ತಲೆತಲಾಂತರದಿಂದ ಕೆಲವೇ ಜಾತಿಗಳ ತಲೆಗೆ ಕಟ್ಟಿದ ಸಮಾಜ ನಮ್ಮದು. ಗಾಜಿನ ಕಟ್ಟಡಕ್ಕೆ ಬಂದು ಕೂತರೂ ಅದನ್ನು ಬಿಟ್ಟಿಲ್ಲ. ಕಾಂಟ್ರ್ಯಾಕ್ಟಿನ ಕಾಗದ ಬಂದಿದೆ, ಅಷ್ಟೆ. ಇದನ್ನು ಮೃದುವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ಹೀಗೆ ಬೇರೆ ಮಾಡಲಾಗದೆ ಉಳಿದ ಕಸ ನಮ್ಮ ಸುತ್ತಲಿನ ಊರುಗಳಲ್ಲಿ ಎಲ್ಲಿಗೆ ಹೋಗುತ್ತದೆ? ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಹೋಗುವ ನಾವು ಅದರ ಉತ್ತರದ ನಡುವೆಯೇ ದಿನಾ ಹಾದುಹೋಗುತ್ತೇವೆ. ಠಾಣೆ ನಗರದ ಕಸವನ್ನು ಆ ದಾರಿಯ ನಡುವಿನ ದಿವಾದಲ್ಲಿ ಸುರಿಯುತ್ತ ಬಂದರು. ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಅದು ನಿಂತಿತು. ಕಸದ ಲಾರಿಗಳು ಭಂಡಾರ್ಲಿ ಹಳ್ಳಿಯ ಕಡೆ ತಿರುಗಿದವು. ಆ ಹಳ್ಳಿಯವರೂ ಬೇಡ ಎಂದು ಬೀದಿಗಿಳಿದರು. ಕಲ್ಯಾಣದ ಆಧಾರವಾಡಿಯ ಕಸದ ಗುಡ್ಡವನ್ನು ಬಲ್ಲವರು ಬಲ್ಲರು. ಬೇಸಗೆಯಲ್ಲಿ ಅದು ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಒಳಗೆ ಕೊಳೆಯುವ ಹಸಿ ಕಸ ಮೀಥೇನ್ ಬಿಡುತ್ತದೆ, ಮೇಲಿನ ಕಾಗದ, ಪ್ಲಾಸ್ಟಿಕ್ಕು ಸೌದೆಯಾಗುತ್ತದೆ. ಸುತ್ತಲಿನ ಮನೆಗಳವರು ಕಿಟಕಿ ಮುಚ್ಚಿ ಮಕ್ಕಳನ್ನು ಮಲಗಿಸುತ್ತಿದ್ದರು. ಕಸದ ವಿಲೇವಾರಿ ಸರಿಯಿಲ್ಲವೆಂದು ಬಾಂಬೆ ಹೈಕೋರ್ಟು 2015ರಲ್ಲಿ ಕಲ್ಯಾಣ-ಡೊಂಬಿವಲಿಯಲ್ಲಿ ಹೊಸ ಕಟ್ಟಡಗಳಿಗೇ ತಡೆ ಹಾಕಿತು. ಆಧಾರವಾಡಿಗೆ ಕಸ ಹೋಗುವುದು ನಿಂತದ್ದು 2021ರಲ್ಲಿ, ಮನೆಮನೆಯಲ್ಲೂ ಓಲಾ-ಸುಕಾ, ಅಂದರೆ ಹಸಿ-ಒಣ ಕಸ ಬೇರೆ ಮಾಡಲೇಬೇಕೆಂದು ಪಾಲಿಕೆ ಹಟ ಹಿಡಿದ ಮೇಲೆ. ಅಂದರೆ ನಮ್ಮ ಹೆಂಡತಿ, ತಾಯಿ, ತಂಗಿಯರು ಮನೆಯಲ್ಲಿ ಎರಡು ಬುಟ್ಟಿ ಇಟ್ಟದ್ದರಿಂದ ಅದು ಆಯಿತು. ಆ ಮನೆಯಿಂದ ಬೆಳಿಗ್ಗೆ ಹೊರಟವನು ಆಫೀಸಿಗೆ ಬಂದು ಎಲ್ಲವನ್ನೂ ಮೇಜಿನ ಕೆಳಗಿನ ಒಂದೇ ಡಬ್ಬಿಗೆ ತುಂಬುತ್ತಾನೆ!

ನಮ್ಮ ವಾಶಿ ಇರುವ ನವಿ ಮುಂಬಯಿ ದೇಶದ ಸ್ವಚ್ಛ ನಗರಗಳ ಮೊದಲ ಸಾಲಿನಲ್ಲಿದೆ. ಗೋಡೆಗೋಡೆಗೂ ಫ್ಲೆಮಿಂಗೋ ಚಿತ್ರವಿದೆ. ನಿಜವಾದ ಫ್ಲೆಮಿಂಗೋಗಳು ಇಳಿಯುವ ಠಾಣೆ ಖಾಡಿ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಆ ಖಾಡಿಯ ಕಾಂಡ್ಲಾ ಗಿಡಗಳ ಬೇರಿಗೆ ಭರತ ಇಳಿದಾಗ ಸುತ್ತಿಕೊಂಡಿರುವುದು ನಮ್ಮ ಕೈಯಿಂದ ಜಾರಿದ ಚೀಲಗಳು.

ಚಹಾದ ಕಪ್ಪಿಗೇ ಮತ್ತೆ ಬರುತ್ತೇನೆ, ಏಕೆಂದರೆ ಅದರಲ್ಲಿ ನಮ್ಮ ಮರೆವು ಪೂರ್ತಿ ಕಾಣುತ್ತದೆ. ನಮ್ಮ ಕಟ್ಟಡದಲ್ಲಿ ಆರುನೂರು ಜನ. ದಿನಕ್ಕೆ ತಲಾ ಎರಡು ಚಹಾ. ತಿಂಗಳಿಗೆ ಇಪ್ಪತ್ತೈದು ದಿನ ಹಿಡಿದರೆ 30,000 ಕಪ್ಪು. ಕಾಗದದ್ದೆಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರವಿದೆ, ಅದಕ್ಕೇ ಭಂಗಾರದವನು ಮುಟ್ಟುವುದಿಲ್ಲ. ಹದಿನೈದು ನಿಮಿಷ ಬಿಸಿ ನೀರು ಇಟ್ಟರೆ ನೂರು ಎಂಎಲ್‌ಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆಂದು ಖರಗಪುರದ ಐಐಟಿಯವರು 2020ರಲ್ಲಿ ಎಣಿಸಿ ತೋರಿಸಿದರು. ಮುಂಬಯಿಗೆ ತೊಳೆದ ಸ್ಟೀಲಿನ ಲೋಟದಲ್ಲಿ ಬಿಸಿ ಕಾಫಿ ಕುಡಿಯುವುದನ್ನು ರೂಢಿ ಮಾಡಿಸಿದವರಲ್ಲಿ ನಮ್ಮ ಉಡುಪಿ ಹೋಟೆಲಿನವರೂ ಇದ್ದರು. ಅವರ ನಾಡಿನವರಾದ ನಮಗೆ ಒಂದು ಲೋಟ ತೊಳೆದಿಡುವುದು ಭಾರವಾಯಿತೇ?

ಊಟದ ಡಬ್ಬಿಯೂ ಹಾಗೆಯೇ. 1890ರಿಂದ ಮುಂಬಯಿಯ ಡಬ್ಬಾವಾಲಾಗಳು ಮನೆಯ ಊಟವನ್ನು ಆಫೀಸಿಗೆ ಮುಟ್ಟಿಸಿ ಖಾಲಿ ಡಬ್ಬಿಯನ್ನು ಸಂಜೆಯೊಳಗೆ ಅದೇ ಮನೆಗೆ ವಾಪಸು ಒಯ್ಯುತ್ತಾರೆ. ಊಟ ಮುಗಿದ ಮೇಲೆ ಎಸೆಯಲು ಏನೂ ಉಳಿಯುವುದಿಲ್ಲ. ಇಂಥ ಏರ್ಪಾಡು ಕಣ್ಣೆದುರೇ ಇರುವಾಗ ಮೊಬೈಲಿನಲ್ಲಿ ತರಿಸಿದ ಒಂದು ಊಟಕ್ಕೆ ಕಪ್ಪು ಡಬ್ಬಿ, ಮುಚ್ಚಳ, ಚಟ್ನಿಯ ಪುಟ್ಟ ಬಟ್ಟಲು, ಚಮಚ, ಚೀಲ ಎಲ್ಲವನ್ನೂ ಆ ಹೆಬ್ಬೆರಳಿಗೆ ಬಟ್ಟೆ ಸುತ್ತಿದವಳ ಮುಂದೆ ರಾಶಿ ಹಾಕುತ್ತಿದ್ದೇವೆ.

ಹಸಿ, ಒಣ, ಅಪಾಯದ ಕಸ, ಈ ಮೂರನ್ನೂ ಹುಟ್ಟಿದಲ್ಲೇ ಬೇರೆ ಮಾಡಬೇಕೆಂದು ಕೇಂದ್ರ ಸರಕಾರ 2016ರಲ್ಲೇ ನಿಯಮ ಮಾಡಿತು. ಟ್ಯೂಬ್‌ಲೈಟ್ ಬರುವುದು ಮೂರನೆಯದರಲ್ಲಿ. ಆದರೆ ಪ್ರೆಮೈಸಿಸ್ ಸೊಸೈಟಿಯ ಎಜಿಎಂನಲ್ಲಿ ಪಾರ್ಕಿಂಗಿಗೆ ಎರಡು ತಾಸು ಜಗಳಾಡುವ ನಾವು ಕಸಕ್ಕೆ ಎರಡು ನಿಮಿಷ ಕೊಡುವುದಿಲ್ಲ. ಮೆಟ್ಟಿಲು ಯಾರ ಆಫೀಸಿಗೂ ಸೇರಿಲ್ಲವಲ್ಲ.

ಅಕ್ಕ, ತಂಗಿ, ಅಣ್ಣಂದಿರೇ, ಕೇಳುತ್ತಿರುವುದು ದೊಡ್ಡದಲ್ಲ. ಮೇಜಿನ ಕೆಳಗಿನ ಡಬ್ಬಿಯನ್ನು ತೆಗೆಯಿರಿ. ಎದ್ದು ನಾಲ್ಕು ಹೆಜ್ಜೆ ನಡೆದು ಹಾಕಬೇಕಾದರೆ ಏನು ಹಾಕುತ್ತಿದ್ದೇವೆಂದು ಕಣ್ಣು ನೋಡುತ್ತದೆ. ಮಹಡಿಗೊಂದು ಕಡೆ ಮೂರು ಡಬ್ಬಿ ಇಡಿಸಿ. ಹೂವು, ಊಟದ ಉಳಿಕೆ ಕಟ್ಟಡದಲ್ಲೇ ಗೊಬ್ಬರವಾಗಲಿ. ಠಾಣೆಯಲ್ಲಿ ಗಣೇಶನ ನಿರ್ಮಾಲ್ಯವನ್ನು ಕೆರೆಗೆ ಬಿಡದೆ ಗೊಬ್ಬರ ಮಾಡಿ ತೋರಿಸಿದ್ದಾರೆ. ಒಣ ಕಾಗದದ ರದ್ದಿ ದುಡ್ಡು ಬೇರೆ ಮಾಡಿದವಳ ಕೈಗೇ ಹೋಗಲಿ, ಸೂಪರ್‌ವೈಸರನ ಜೇಬಿಗಲ್ಲ. ಕೈಗವಸು ಕೊಡಿಸುವುದನ್ನು ಕಾಂಟ್ರ್ಯಾಕ್ಟಿನಲ್ಲೇ ಬರೆಸಿ. ಕನ್ನಡ ಸಂಘಗಳವರಿಗೂ ಒಂದು ಮಾತು: ಹೊಟ್ಟೆಪಾಡಿಗೆ ಬಂದವರು ಕೂಡಿ ಡೊಂಬಿವಲಿಯಲ್ಲಿ ಮಂಜುನಾಥ ವಿದ್ಯಾಲಯ ಕಟ್ಟಿದ ಸಮುದಾಯ ಇದು. ರಾಜ್ಯೋತ್ಸವದ ಊಟಕ್ಕೆ ಐನೂರು ಸ್ಟೀಲ್ ತಟ್ಟೆ ಹೊಂದಿಸುವುದು ನಮಗೆ ಅಸಾಧ್ಯವೇ?

ನಮ್ಮ ಮಹಡಿಯಲ್ಲಿ ಯುಗಾದಿಯ ಮರುದಿನ ಮೂರು ಡಬ್ಬಿ ಇಟ್ಟೆವು. ಹನ್ನೊಂದು ಆಫೀಸುಗಳಲ್ಲಿ ನಾಲ್ಕು ಒಪ್ಪಿದವು. ಆ ತಿಂಗಳು ಆಕೆ ಚಹಾ ಬೀಳದ ಕಾಗದವನ್ನು ಮೊದಲ ಬಾರಿಗೆ ಚೀಲ ಕಟ್ಟಿ ಮಾರಿದಳು. ಉಳಿದ ಏಳು ಬಾಗಿಲುಗಳನ್ನು ಸೋಮವಾರ ಮತ್ತೆ ತಟ್ಟಲಿದ್ದೇನೆ. ನಿಮ್ಮ ಮಹಡಿಯ ಬಾಗಿಲುಗಳನ್ನು ನೀವು ತಟ್ಟಿ. ಅದಕ್ಕೂ ಮೊದಲು ಒಂದು ಸಂಜೆ ಏಳಕ್ಕೆ ಮೆಟ್ಟಿಲಿಳಿದು, ನಿಮ್ಮ ಡ್ರಮ್ಮು ಬೋರಲಾಗುವ ಜಾಗದಲ್ಲಿ ಐದು ನಿಮಿಷ ನಿಂತು ಬನ್ನಿ.