ಅಳತಿ ನೋಡಿ ತರ್ರಿ

ಅಕ್ಕಾ, ವೈನಿ, ಬ್ಯಾರೆಯವರ ಅಳತಿ ಕೊಟ್ಟು ನಮ್ಮ ಕುಪ್ಪಸ ಹೊಲಿಸ್ತೀವೇನ್ರಿ? ಇಲ್ಲ. ಡೆಟ್ರಾಯಿಟ್‌ನ್ಯಾಗಿರೋ ನನ್ನ ಮಗ ಹಂಗ ಮಾಡಿದಾ. 1970ರ ಷೆವೆಲ್ ಕಾರು ಅವಂದು, 454 ಬಿಗ್ ಬ್ಲಾಕ್ ಎಂಜಿನ್ನು. ಹೆಡ್ಡಿನ ತಳಾ ತುಸು ಹೆರಿಸಿ ಸಪಾಟ ಮಾಡಿಸಿದಾ, ಕ್ಯಾಮ್‌ಶಾಫ್ಟ್ ಹೊಸಾದು ಹಾಕಿದಾ. ಪುಶ್‌ರಾಡ್ ಮಾತ್ರ ಪುಸ್ತಕದಾಗಿನ ಹಳೇ ಅಳತಿದ್ದ ತರಿಸಿದಾ.

ಪುಶ್‌ರಾಡ್ ಅಂದ್ರ ಪೊಳ್ಳು ಉಕ್ಕಿನ ಕಡ್ಡಿ. ಕೆಳಗ ಕ್ಯಾಮ್ ಎತ್ತಿದ್ದನ್ನ ಮ್ಯಾಲಿನ ರಾಕರ್‌ಗೆ ಮುಟ್ಟಸ್ತದ, ರಾಕರ್ ವಾಲ್ವ್ ಒತ್ತತದ. ಈ ಎಂಜಿನ್ನಿನಾಗ ಗಾಳಿ ಒಳಗ ಬರೋ ವಾಲ್ವಿಂದು ಸುಮಾರು 8¼ ಇಂಚು, ಹೊಗಿ ಹೋಗೋ ವಾಲ್ವಿಂದು 9¼. ಹೆಡ್ಡು ತಗ್ಗಿದ್ರ, ಕ್ಯಾಮ್ ಬದಲಾದ್ರ ಬೇಕಾಗೋ ಉದ್ದನೂ ಬದಲಾಗ್ತದ. ತಪ್ಪಿದ್ರ ರಾಕರ್ ವಾಲ್ವಿನ ತುದಿಯ ನಡುವ ಬಿಟ್ಟು ಅಂಚಿಗೆ ತಿಕ್ಕತದ, ಗೈಡ್ ಸವೀತದ. ಅವಂಗೂ ಹಂಗ ಆತು. ಹೆಡ್ಡು ಮತ್ತ ಬಿಚ್ಚಿದಾ, ರೊಕ್ಕ ಎರಡು ಸಲ ಹೋತು.

ಉದ್ದ ಹೆಚ್ಚು ಕಡಿಮಿ ಮಾಡೋ ಅಳತಿ ಪುಶ್‌ರಾಡ್ ಸಿಗತದ. ಅದನ್ನ ಹಾಕಿ, ವಾಲ್ವಿನ ತುದಿಗೆ ಮಾರ್ಕರ್ ಬಣ್ಣ ಹಚ್ಚಿ, ಎಂಜಿನ್ ಕೈಲೆ ತಿರುವಬೇಕು. ತಿಕ್ಕಿದ ಗುರ್ತು ಸಣ್ಣಗ, ನಟ್ಟನಡುವ ಬಿತ್ತಂದ್ರ ಅದ ಉದ್ದ. ಹಗುರ ಅಂತ ತೆಳ್ಳಂದೂ ಬ್ಯಾಡ. ಸ್ಪ್ರಿಂಗ್ ಬಿಗಿ ಇದ್ರ ಬಳಕತದ.

ಗ್ಯಾರೇಜಿನ ಮಾತು ನಮಗ್ಯಾಕ ಅನಬ್ಯಾಡ್ರಿ, ಹೋಗೋ ರೊಕ್ಕ ಮನೀದು. ಆರ್ಡರ್ ಮಾಡೂಕಿಂತ ಮೊದಲ ಒಂದ ಮಾತು ಕೇಳ್ರಿ: "ಅಳದಿಯೇನಪಾ?"