ಪಿತ್ತವೆಂದು ಸುಮ್ಮನಿರಬಹುದೇ?

ಪಾಣೆಮಂಗಳೂರಿನ ಕಡೆ ಎಂಟು ತಿಂಗಳ ಬಸುರಿ ಅಂಗೈ ತುರಿಸುತ್ತದೆ ಎಂದರೆ ಉತ್ತರಗಳಿಗೆ ಬರವಿಲ್ಲ. ಬೀಡಿ ಕಟ್ಟುವವಳಾದರೆ ಹೊಗೆಸೊಪ್ಪಿನ ಧೂಳು. ಇಲ್ಲದಿದ್ದರೆ ಸೆಕೆಗೆ ಎದ್ದ ಬೆವರುಸಾಲೆ. ಅದೂ ಅಲ್ಲವೆಂದರೆ ಅಜ್ಜಿಯ ಲೆಕ್ಕದಲ್ಲಿ ಪಿತ್ತ, ಪುನರ್ಪುಳಿ ಶರಬತ್ತು ಕುಡಿದರಾಯಿತು. ಹೇಳುವವರೆಲ್ಲ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸಮಾಧಾನ ಹೇಳುವುದೇ ಸಹಾಯವೇ?

ಪಿತ್ತವೆಂದ ಅಜ್ಜಿಯ ಮಾತು ಅರ್ಧ ನಿಜ. ವೈದ್ಯರು ಕೊಲೆಸ್ಟಾಸಿಸ್ ಎನ್ನುವ ಬಸುರಿನ ಕಾಯಿಲೆಯಲ್ಲಿ ಯಕೃತ್ತಿನಿಂದ ಕರುಳಿಗೆ ಇಳಿಯಬೇಕಾದ ಪಿತ್ತರಸದ ಹರಿವು ನಿಧಾನವಾಗಿ, ಪಿತ್ತಾಮ್ಲ ರಕ್ತದಲ್ಲಿ ಹೆಚ್ಚುತ್ತದೆ. ಹಾರ್ಮೋನುಗಳ ಏರಿಕೆಯೂ ವಂಶದ ಗುಣವೂ ಇದಕ್ಕೆ ಕಾರಣ. ಗುರುತು ಸುಲಭ. ಪಿತ್ತಗಂಧೆಯಲ್ಲಿ ದದ್ದು ಏಳುತ್ತದೆ. ಇಲ್ಲಿ ಪರಚಿದ ಗಾಯದ ಹೊರತು ಚರ್ಮದ ಮೇಲೆ ಏನೂ ಕಾಣದು. ಹೊಗೆಸೊಪ್ಪಿನ ಧೂಳು ತಾಗುವುದು ಕೈಗೆ. ಈ ತುರಿಕೆ ಅಂಗಾಲಿಗೂ ಬರುತ್ತದೆ, ರಾತ್ರಿಯಾದಂತೆ ಜೋರಾಗುತ್ತದೆ. ಅಜ್ಜಿಗೆ ರೋಗದ ಹೆಸರು ಹೆಚ್ಚುಕಡಿಮೆ ಗೊತ್ತಿತ್ತು, ಅದರ ತೂಕ ಗೊತ್ತಿರಲಿಲ್ಲ.

ಬೇನೆಯೆಲ್ಲ ತಾಯಿಯದು, ಅಪಾಯ ಹೆಚ್ಚಾಗಿ ಮಗುವಿನದು. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪಿತ್ತಾಮ್ಲ ಲೀಟರಿಗೆ 100 ಮೈಕ್ರೋಮೋಲ್ ಮುಟ್ಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಸಂಭವ ಶೇ. 3 ದಾಟುತ್ತದೆ, 40ಕ್ಕಿಂತ ಕೆಳಗಿದ್ದರೆ ಶೇ. 0.13 ಮಾತ್ರ. ಸಾಮಾನ್ಯವಾಗಿ ಕೊಡುವ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆಯಿಂದ ಮಗುವಿಗೆ ಹೇಳಿಕೊಳ್ಳುವಂಥ ರಕ್ಷಣೆ ಸಿಗದೆಂದು ಅದೇ ವರ್ಷದ ಬ್ರಿಟನ್ನಿನ ಪ್ರಯೋಗ ತೋರಿಸಿತು. ಹಾಗಾಗಿ ಪಿತ್ತಾಮ್ಲವನ್ನು ಮತ್ತೆ ಮತ್ತೆ ಅಳೆದು, ಹೆರಿಗೆಯ ಹೊತ್ತನ್ನು ಸರಿಯಾಗಿ ಗೊತ್ತುಮಾಡುವುದೇ ಮುಖ್ಯ ಚಿಕಿತ್ಸೆ.

ಇದನ್ನೆಲ್ಲ ಹೇಳಿ ಬಸುರಿಯರನ್ನು ಹೆದರಿಸಬೇಕೇ ಎಂದು ಕೇಳುವವರಿದ್ದಾರೆ. ತುರಿಕೆ ಬಂದವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಇರುವುದಿಲ್ಲ, ನಿಜ. ಆದರೆ ಮೇಲಿನ ಅಂಕಿಗಳನ್ನೇ ಮತ್ತೊಮ್ಮೆ ನೋಡಿ: ಕಾಯಿಲೆ ಇದ್ದವರಲ್ಲೂ ಬಹುಪಾಲು ಜನರಿಗೆ ಅವು ಧೈರ್ಯವನ್ನೇ ಕೊಡುತ್ತವೆ. ಪರೀಕ್ಷೆಯ ನಂತರ ಬಂದ ಧೈರ್ಯಕ್ಕೆ ಆಧಾರವಿದೆ, ಅದಕ್ಕೆ ಮೊದಲು ಹೇಳಿದ ಸಮಾಧಾನಕ್ಕಿಲ್ಲ.

ಆ ಪರೀಕ್ಷೆಯವರೆಗೆ ಕರೆದೊಯ್ಯುವವರು ಯಾರು? ಬ್ರಿಟನ್ನಿನಲ್ಲಿ ಈ ಕಾಯಿಲೆಯನ್ನು ಸ್ವತಃ ಉಂಡ ಜೆನ್ನಿ ಚೇಂಬರ್ಸ್ ಕಟ್ಟಿದ ‘ಐಸಿಪಿ ಸಪೋರ್ಟ್’ ಸಂಸ್ಥೆಯಲ್ಲಿ ಸ್ವಯಂಸೇವಕಿಯರು ಇಂಥ ಗರ್ಭಿಣಿಯರ ಜೊತೆ ನಿಲ್ಲುತ್ತಾರೆ. ನಮ್ಮಲ್ಲಿ 2005ರ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆ ಆಗಲೇ ಮನೆ ಬಾಗಿಲಿಗೆ ಬರುತ್ತಾಳೆ. ಸರ್ಕಾರದ ಲೆಕ್ಕದಲ್ಲಿ ಅವಳೂ ಸ್ವಯಂಸೇವಕಿಯೇ. ಗೌರವಧನದ ಹೆಸರಲ್ಲಿ ಸಿಗುವುದು ದುಡಿಮೆಗೆ ಸಾಲದು. ಅವಳ ತಲೆಯ ಮೇಲೆ ಇನ್ನೊಂದು ದಾಖಲೆ ಪುಸ್ತಕ ಹೊರಿಸುವುದು ಬೇಡ. ‘ಅಂಗಾಲೂ ತುರಿಸುತ್ತದೆಯೇ?’ ಎಂಬ ಒಂದು ಪ್ರಶ್ನೆ ಕಲಿಸಿದರೆ ಸಾಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಯಿದೆ. ಆದರೆ ಈ ತುರಿಕೆಗೆ ಆ ದಿನದವರೆಗೂ ಕಾಯಬಾರದು. ಪಿತ್ತಾಮ್ಲದ ಪರೀಕ್ಷೆ ಎಲ್ಲ ಲ್ಯಾಬಿನಲ್ಲೂ ಆಗುವಂಥದ್ದಲ್ಲ. ಬಂಟ್ವಾಳದಲ್ಲಿ ಆಗದಿದ್ದರೆ ಮಂಗಳೂರಿನ ಲೇಡಿಗೋಶನ್‌ವರೆಗೆ ಜೊತೆಗೆ ಹೋಗುವುದೂ ಸೇವೆಯೇ. ಇದನ್ನು ಕಾಮಾಲೆಯೆಂದು ಎಣಿಸಿ ನಾಟಿ ಮದ್ದು ಕೊಡಿಸುವುದು ಸೇವೆಯಲ್ಲ.

ಇನ್ನೊಬ್ಬಳು ಕಾರ್ಯಕರ್ತೆ ನಮ್ಮ ನಡುವೆಯೇ ಇದ್ದಾಳೆ, ಆದರೆ ಅವಳಿಗೇ ಅದು ಗೊತ್ತಿಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಈ ತುರಿಕೆ ಮಾಯವಾಗುತ್ತದೆ. ಬಾಣಂತನದ ಗಡಿಬಿಡಿಯಲ್ಲಿ ನೆನಪೂ ಮಾಸುತ್ತದೆ. ಗುರುತು ಉಳಿಯದ ಕಾಯಿಲೆಗೆ ಸಾಕ್ಷಿ ಹೇಳುವವರೂ ಉಳಿಯುವುದಿಲ್ಲ. ಮುಂದಿನ ಬಸುರಿನಲ್ಲಿ ಇದು ಮರುಕಳಿಸುವುದೇ ಹೆಚ್ಚು. ಅನುಭವಿಸಿದ ತಾಯಂದಿರೇ, ತಾಯಿ ಕಾರ್ಡಿನಲ್ಲಿ ಅದನ್ನು ಬರೆಸಿಟ್ಟುಕೊಳ್ಳಿ. ನೆರೆಮನೆಯ ಬಸುರಿ ತುರಿಕೆಯೆಂದಾಗ ‘ಏನೂ ಆಗುವುದಿಲ್ಲ’ ಎನ್ನಬೇಡಿ. ‘ನನಗೂ ಆಗಿತ್ತು, ನಡೆ, ಇವತ್ತೇ ಡಾಕ್ಟರಿಗೆ ತೋರಿಸೋಣ’ ಎನ್ನಿ.