ಅನ್ಯರು ಬರೆದ ವಿವರ, ವರ್ತಕನ ವ್ರತ

ಜೈನ ವರ್ತಕರ ಅಂಗಡಿಗಳು ಪೇಟೆಬೀದಿಯನ್ನು ದಾಟಿ ಅಂತರ್ಜಾಲಕ್ಕೆ ವಿಸ್ತರಿಸಿ ಬಹುಕಾಲವಾಯಿತು. ಹಪ್ಪಳ, ಮಸಾಲೆಪುಡಿ, ಸಿಹಿತಿಂಡಿ, ಪೂಜಾಸಾಮಗ್ರಿ ಇವೆಲ್ಲ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿಯೂ 2021ರ ಕೊನೆಯಲ್ಲಿ ಸ್ಥಾಪಿತವಾದ ಓಎನ್‌ಡಿಸಿ ಜಾಲದಲ್ಲಿಯೂ ಮಾರಾಟಕ್ಕಿವೆ. ಒಂದೊಂದು ತಾಣಕ್ಕೂ ಸರಕಿನ ಹೆಸರು, ತೂಕ, ಘಟಕಪದಾರ್ಥ, ಚಿತ್ರ, ಬಾರ್‌ಕೋಡ್, ತೆರಿಗೆಯ ದರ ಮುಂತಾದುವನ್ನು ಅದರದೇ ನಮೂನೆಯಲ್ಲಿ ತುಂಬಬೇಕು. ಬೆಲೆ, ದಾಸ್ತಾನು ಬದಲಾದಂತೆ ಎಲ್ಲೆಡೆಯೂ ತಿದ್ದಬೇಕು. ಈ ಕೆಲಸವನ್ನು ಗುತ್ತಿಗೆ ಹಿಡಿಯುವ ಸಂಸ್ಥೆಗಳಿವೆ. ಅವರಿಗೆ ವಹಿಸುವುದರಲ್ಲಿ ದೋಷವೇನೂ ಇಲ್ಲ. ಆದರೆ ವಹಿಸುವಾಗ ಬಹುತೇಕ ವರ್ತಕರು ಕೇಳುವ ಪ್ರಶ್ನೆಗಳು ಎರಡೇ: ಸರಕೊಂದಕ್ಕೆ ದರವೆಷ್ಟು? ಎಷ್ಟು ದಿನದಲ್ಲಿ ಮುಗಿಯುತ್ತದೆ?

ವಿವರ ತಪ್ಪಾದರೆ “ಅದನ್ನು ಬರೆದವರು ಕಂಪ್ಯೂಟರಿನವರು” ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಈ ಸಮಾಧಾನ ಜೈನನಾದವನಿಗೆ ಸಲ್ಲದು. ತಾನೇ ಮಾಡಿದ್ದು, ಅನ್ಯರಿಂದ ಮಾಡಿಸಿದ್ದು, ಅನ್ಯರು ಮಾಡಿದ್ದಕ್ಕೆ ಸಮ್ಮತಿಸಿದ್ದು - ಕೃತ, ಕಾರಿತ, ಅನುಮತ ಎಂಬ ಈ ಮೂರನ್ನೂ ತತ್ತ್ವಾರ್ಥಸೂತ್ರವು ಆಸ್ರವದ ವಿಚಾರದಲ್ಲಿ ಒಟ್ಟಿಗೇ ಎಣಿಸಿದೆ. ಅದರ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಹೆಸರಿಸಿದೆ. ದುಡ್ಡು ಕೊಟ್ಟು ಬರೆಯಿಸಿದ ಸುಳ್ಳು ಲೇಖವು ಕಾರಿತವಲ್ಲದೆ ಮತ್ತೇನು? ಹಿಂದೆ ತಕ್ಕಡಿಯ ತಟ್ಟೆಯಡಿ ಹುಣಿಸೆಹಣ್ಣು ಅಂಟಿಸುವವನನ್ನು ಗಿರಾಕಿಯೇ ಹಿಡಿಯಬಹುದಿತ್ತು. ಪರದೆಯ ಮೇಲಿನ ಹುಣಿಸೆಹಣ್ಣು ಯಾರ ಕಣ್ಣಿಗೂ ಬೀಳದು.

ಲೌಕಿಕ ಕಾನೂನೂ ಇದನ್ನೇ ಹೇಳುತ್ತದೆ. ಪೊಟ್ಟಣ ಕಟ್ಟಿದ ಸರಕುಗಳ 2011ರ ನಿಯಮಗಳಿಗೆ ತಂದ ತಿದ್ದುಪಡಿ 2018ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಂತೆ ನಿವ್ವಳ ತೂಕ, ಗರಿಷ್ಠ ಬೆಲೆ ಮೊದಲಾದ ಘೋಷಣೆಗಳು ಮಾರಾಟತಾಣದಲ್ಲಿಯೂ ಕಾಣಬೇಕು; ಹಲವರು ಸೇರಿ ಮಾರುವ ತಾಣಗಳಲ್ಲಿ ಅವುಗಳ ಸತ್ಯತೆಯ ಹೊಣೆ ತಯಾರಕ, ಮಾರಾಟಗಾರ ಮೊದಲಾದವರದು. ವಿವರ ತುಂಬಿದ ಗುತ್ತಿಗೆದಾರನ ಹೆಸರು ಅಲ್ಲಿಲ್ಲ.

“ಹಸಿರು ಗುರುತು ಇದೆಯಲ್ಲ, ಸಾಲದೆ?” ಎನ್ನುವವರಿದ್ದಾರೆ. ಸಾಲದು. 2020ರ ಆಹಾರ ಲೇಬಲ್ ವಿನಿಯಮಗಳು ಮಾಂಸಾಹಾರದ ವ್ಯಾಖ್ಯೆಯಿಂದ ಹಾಲಿನೊಡನೆ ಜೇನು, ಜೇನುಮೇಣ, ಅರಗುಗಳನ್ನೂ ಹೊರಗಿಟ್ಟಿವೆ. ಕೀಟಜನ್ಯವಾದ ಅರಗಿನ ಹೊಳಪು ಕೊಟ್ಟ ಮಿಠಾಯಿಗೂ ಹಸಿರು ಗುರುತು ಬೀಳಬಹುದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳ ಮಾತಂತೂ ಕೇಳುವುದೇ ಬೇಡ. ಹೀಗಿರುವಾಗ ಜೈನ ಕುಟುಂಬಕ್ಕೆ ದಿಕ್ಕು ಘಟಕಪದಾರ್ಥಗಳ ಕಾಲಂ ಒಂದೇ. ಅಂಗಡಿಯಲ್ಲಾದರೆ ಪೊಟ್ಟಣವನ್ನು ತಿರುಗಿಸಿ ಓದಬಹುದು. ಮೊಬೈಲಿನಲ್ಲಿ ಬರೆದುದನ್ನು ನಂಬಬೇಕು. ದಿನಕ್ಕೆ ನೂರಾರು ಸರಕು ತುಂಬುವ ಗುಮಾಸ್ತನು ಮಾಹಿತಿ ಸಿಗದೆಡೆ ಮೇಲಿನ ಸಾಲನ್ನೇ ಕೆಳಗಿಳಿಸಿದರೆ, ಗಿರಾಕಿ ಬರಲೆಂದು ಶೀರ್ಷಿಕೆಗೆ ‘ಜೈನ್’ ಎಂಬ ಪದ ಸೇರಿಸಿದರೆ, ದಶಲಕ್ಷಣ ಪರ್ವದಲ್ಲಿ ಆ ಪೊಟ್ಟಣ ಒಡೆಯುವ ತಾಯಿಗೆ ತಿಳಿಯುವುದು ಹೇಗೆ?

ಆದುದರಿಂದ ಸಂಸ್ಥೆಯನ್ನು ಪರೀಕ್ಷಿಸಬೇಕಾದುದು ಖಾಲಿ ಕಾಲಂನಿಂದ. ಐವತ್ತು ಸರಕುಗಳನ್ನು ಪ್ರಯೋಗಾರ್ಥವಾಗಿ ಕೊಡಲಿ. ಏಳೆಂಟು ಪೊಟ್ಟಣಗಳ ಹಿಂಬದಿಯ ಚಿತ್ರವನ್ನು ಬೇಕೆಂದೇ ತಡೆಹಿಡಿಯಲಿ. ಎರಡೇ ದಿನದಲ್ಲಿ ಐವತ್ತನ್ನೂ ತುಂಬಿ ಕಳುಹಿಸಿದವರು ಊಹೆಯಿಂದ ಬರೆದವರು. ಆ ಏಳೆಂಟನ್ನು ಖಾಲಿ ಬಿಟ್ಟು “ಇದರಲ್ಲಿ ಏನೇನಿದೆ?” ಎಂದು ಕೇಳಿ ಬರೆದವರಿಗೆ ದರ ತುಸು ಹೆಚ್ಚಾದರೂ ಕೆಲಸ ಕೊಡಬೇಕು. ಕೇಳುವುದಕ್ಕೆ ವೇಳೆ ಹಿಡಿಯುತ್ತದೆ, ವೇಳೆಗೆ ಬೆಲೆಯಿದೆ. ಅದು ವರ್ತಕನಿಗೆ ಹೊಸತಲ್ಲ.

ನ್ಯಾಸಾಪಹಾರದ ಭಯವೂ ಇದೆ, ಅಂದರೆ ಇಟ್ಟ ಒತ್ತೆಯನ್ನು ಮರಳಿಸದಿರುವುದು. ಗುತ್ತಿಗೆ ಮುಗಿದಾಗ ವಿವರಗಳೂ ಚಿತ್ರಗಳೂ ಬೇರೆಡೆ ಬಳಸಬಹುದಾದ ರೂಪದಲ್ಲಿ ಹಿಂದಿರುಗಬೇಕೆಂದು ಒಪ್ಪಂದದಲ್ಲಿಯೇ ಬರೆಯಿಸಬೇಕು. ಜಿಎಸ್‌1 ಇಂಡಿಯಾ ಕೊಡುವ, 890ರಿಂದ ಆರಂಭವಾಗುವ ಬಾರ್‌ಕೋಡ್ ಸಂಖ್ಯೆ ವರ್ತಕನ ಹೆಸರಿನಲ್ಲಿರಬೇಕೇ ಹೊರತು ಗುತ್ತಿಗೆದಾರನ ಹೆಸರಿನಲ್ಲಲ್ಲ.

ಬಸದಿಗಳ ಟ್ರಸ್ಟುಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಗ್ರಂಥ, ಪೂಜಾದ್ರವ್ಯ, ತಿನಿಸುಗಳನ್ನು ಬಸದಿಯ ಹೆಸರಿನಲ್ಲಿ ಮಾರಿದಾಗ ಕೊಳ್ಳುವವನು ವಿವರವನ್ನು ಓದುವುದೇ ಇಲ್ಲ, ಹೆಸರನ್ನು ನಂಬಿ ಕೊಳ್ಳುತ್ತಾನೆ. ಮೂರು ಕೊಟೇಶನ್ ತರಿಸಿ ಕನಿಷ್ಠ ದರಕ್ಕೆ ಠರಾವು ಮಾಡಿದರೆ ಲೆಕ್ಕಪರಿಶೋಧಕರು ತೃಪ್ತರಾದಾರು. ಆದರೆ ಸಹಿ ಬೀಳುವ ಮೊದಲು ಒಬ್ಬ ಟ್ರಸ್ಟಿಯಾದರೂ ಆ ಐವತ್ತು ಪೊಟ್ಟಣಗಳನ್ನು ಪರದೆಯ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ಓದಲಿ. ಅರ್ಧ ದಿನದ ಕೆಲಸ.